ತಿರುಗಿಸಲು ಬಾರದ ಕೀಲಿ

ಕೀಲಿ ಅಂದರೆ ತೂತಿಗೆ ಹಾಕಿ ತಿರುಗಿಸುವ ವಸ್ತು. ಇದನ್ನು ತಿಳಿಯಲು ಕಾಲೇಜು ಬೇಕಿಲ್ಲ. ನಾನು ಆರನೇ ತರಗತಿಗೇ ಶಾಲೆಗೆ ಕೈಮುಗಿದವನು, ನನಗೇ ಗೊತ್ತು. ಆದರೆ ನಮ್ಮ ಭಾವ ವಿತೂನ್ ರಯೋಂಗ್ ಪೇಟೆಯಲ್ಲಿ ಓದಿದವನು. ಅವನ ಕೀಲಿಗೆ ಹಲ್ಲಿಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗೆ ಜೇಬಿನಲ್ಲಿ ಮಲಗಿರುತ್ತದೆ. ಅದು ಹತ್ತಿರ ಇದ್ದರೆ ಸಾಕು, ಗಾಡಿಯ ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ.

ಅಪ್ಪನ ಹಳೇ ಪಿಕಪ್ಪನ್ನು ಕೊಟ್ಟು, ಡ್ಯೂರಿಯನ್ ಹಣ್ಣಿನ ಕೊಯ್ಲಿಗೆ ಮುಂಚೆ ಈ ಹೊಸದನ್ನು ತಂದವನು ಅವನೇ. ಗಾಡಿಯ ಹೊಟ್ಟೆಯೊಳಗೇ ಸಿಮ್ ಇದೆಯಂತೆ. ಬಂದ ದಿನ ಅಂಗಳದಲ್ಲಿ ನಿಂತು ಫೋನ್ ಎತ್ತಿ ಹಿಡಿದಿದ್ದ.

"ದಾಮ್, ನೋಡಿಲ್ಲಿ. ಗಾಡಿ ಎಲ್ಲಿದ್ರೂ ಈ ಫೋನು ಹೇಳತ್ತೆ."

"ಗಾಡಿ ಎಲ್ಲಿದೆ ಅಂತ ನನ್ನ ಕಣ್ಣೇ ಹೇಳತ್ತೆ ಭಾವ. ಅಗೋ, ಕೋಳಿ ಗೂಡಿನ ಪಕ್ಕ."

ಅಕ್ಕ ಪ್ರೇವ್ ನಗು ತಡೆಯಲಾರದೆ ಒಳಗೆ ಹೋದಳು. ಅಪ್ಪ ಮಾತ್ರ ನನ್ನನ್ನೇ ಗದರಿದ. "ಬಾಯಿ ಕಡಿಮೆ ಮಾಡಿ ಕಲಿಯೋ. ನಾಳೆ ಓಡಿಸೋನು ನೀನೇ."

ಕಲಿತೆ. ಆದರೆ ಒಗ್ಗಲಿಲ್ಲ.

ಡ್ಯೂರಿಯನ್ ಕೊಯ್ಯುವುದು ಇಬ್ಬರ ಕೆಲಸ. ಮರದ ಮೇಲಿನವನು ತೊಟ್ಟು ಕತ್ತರಿಸಿ "ಬಂತು!" ಅಂತ ಕೂಗಿ ಹಣ್ಣು ಬಿಡುತ್ತಾನೆ. ಕೆಳಗಿನವನು ಗೋಣಿಚೀಲವನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಬೀಳುವ ಮುಳ್ಳಿನ ಗುಂಡನ್ನು ಅದರಲ್ಲಿ ಸುತ್ತಿ ತೂಗಿ, ಮಗುವನ್ನು ಇಳಿಸಿದ ಹಾಗೆ ನೆಲಕ್ಕಿಡುತ್ತಾನೆ. ಅವನ ಕಣ್ಣು ಹಣ್ಣು ಬಿಟ್ಟು ಆಚೀಚೆ ಹೋಗುವಂತಿಲ್ಲ. ನಾನು ಮೇಲೆ, ಅಪ್ಪ ಕೆಳಗೆ. ಅಪ್ಪನ ಚೀಲ ತಪ್ಪಿದ್ದನ್ನು ನಮ್ಮ ಕಣಿವೆಯಲ್ಲಿ ಯಾರೂ ಕಂಡವರಿಲ್ಲ.

ಆವತ್ತು ಊಟವಾದ ಮೇಲೆ ಭಾವ ಗಾಡಿಯನ್ನು ಹಣ್ಣಿನ ರಾಶಿಯವರೆಗೆ ಹಿಂದಕ್ಕೆ ತಂದು ನಿಲ್ಲಿಸಿದ. ಒಳಗೆ ತಣ್ಣಗಿರಲಿ ಅಂತ ಎಂಜಿನ್ ಆರಿಸಲಿಲ್ಲ. ಅಷ್ಟರಲ್ಲಿ ಹಣ್ಣಿನ ದಲ್ಲಾಳಿಯ ಆಳು ಬೈಕಿನಲ್ಲಿ ಬಂದ. "ವಿತೂನಣ್ಣ, ಚೀನಾದ ಗಿರಾಕಿ ಆಗಿಂದ ಫೋನ್ ಮಾಡ್ತಿದಾನಂತೆ, ನೀವು ಸಿಗ್ತಿಲ್ವಂತೆ." ನಮ್ಮ ಕಣಿವೆಯಲ್ಲಿ ಯಾವ ಫೋನೂ ಸಿಗುವುದಿಲ್ಲ. ಮಾತಾಡಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕು, ಅದೂ ಬೈಕು ಮಾತ್ರ ಹತ್ತುವ ಕಾಲುದಾರಿಯಲ್ಲಿ. ಭಾವ ಗಾಡಿಯ ಬಾಗಿಲು ಹಾಕಿ, "ಈಗ ಬಂದೆ" ಅಂದು ಬೈಕಿನ ಹಿಂದೆ ಕೂತ. ಕೀಲಿ ಅವನ ಜೇಬಿನಲ್ಲಿತ್ತು.

ನಾನು ಮರದ ಮೇಲಿಂದ "ಬಂತು!" ಅಂದೆ. ಅಪ್ಪ ಚೀಲ ಎತ್ತಿದ. ಹಣ್ಣು ಬಿಟ್ಟೆ. ಅದೇ ಗಳಿಗೆಗೆ ಗಾಡಿ ಕಿರುಚಿಕೊಂಡಿತು, ಪೀಂ ಪೀಂ ಪೀಂ ಅಂತ. ತನ್ನ ಕೀಲಿ ದೂರ ಹೋಗುತ್ತಿದೆ ಅಂತ ಊರಿಗೆಲ್ಲ ಸಾರುವುದು ಅದರ ಜಾಣತನ.

ಅಪ್ಪ ತಿರುಗಿ ನೋಡಿದ.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಅಪ್ಪ ಪಕ್ಕಕ್ಕೆ ಬಿದ್ದಿದ್ದ. ಕಿವಿಯ ಮೇಲ್ಗಡೆ ತಲೆ ಹರಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಅಕ್ಕ ಓಡಿ ಬಂದು ತನ್ನ ಹೆಗಲ ವಸ್ತ್ರ ಹರಿದು ತಲೆಗೆ ಬಿಗಿದಳು. ಅಪ್ಪ ಉಂಡ ಅನ್ನವನ್ನೆಲ್ಲ ವಾಂತಿ ಮಾಡಿದ.

"ತಲೆಗೆ ಪೆಟ್ಟಾಗಿ ವಾಂತಿ ಆದ್ರೆ ಒಳಗೆ ರಕ್ತ ಸೋರಿದೆ ಅಂತ ಅರ್ಥ ಕಣೋ. ನಡಿ, ಜಿಲ್ಲಾಸ್ಪತ್ರೆಗೆ ನಡಿ!"

ಹಿಂದಿನ ಸೀಟಿನಲ್ಲಿ ಅಪ್ಪನನ್ನು ಮಲಗಿಸಿ ತಲೆಯನ್ನು ಅಕ್ಕನ ತೊಡೆಯ ಮೇಲಿಟ್ಟೆವು. ನಾನು ಮುಂದೆ ಕೂತರೆ ಎದುರಿನ ಪರದೆಯ ತುಂಬ ಕೆಂಪು ಅಕ್ಷರ. ಕೀಲಿ ಸಿಗುತ್ತಿಲ್ಲ.

"ಓಡತ್ತೇನೇ ಇದು?"

"ಓಡತ್ತೆ. ಎಂಜಿನ್ ಆನ್ ಇರೋವರೆಗೂ ಓಡತ್ತೆ ಅಂತ ಅವರು ಹೇಳಿದಾರೆ. ಆದ್ರೆ ಒಂದು ಸಲ ಆರಿಸಿದ್ಯೋ, ಕೀಲಿ ಬರೋವರೆಗೂ ಏಳಲ್ಲ. ಏನೇ ಆಗ್ಲಿ, ಆ ಗುಂಡಿ ಮುಟ್ಬೇಡ ದಾಮ್."

"ನಿನ್ನ ಗಂಡನ ಕುತ್ತಿಗೆ ಮುಟ್ತೀನಿ, ಬರ್ಲಿ."

ಗಾಡಿ ಬಿಟ್ಟೆ. ರಬ್ಬರ್ ತೋಟಗಳ ನಡುವಿನ ಕೆಮ್ಮಣ್ಣಿನ ದಾರಿ. ಜೋರಾಗಿ ಹೋದರೆ ಅಪ್ಪನ ತಲೆ ಕುಲುಕುತ್ತದೆ, ನಿಧಾನಕ್ಕೆ ಹೋದರೆ ಹೊತ್ತು ಹೋಗುತ್ತದೆ. ಗಾಡಿ ಬೇರೆ ದಾರಿಯುದ್ದಕ್ಕೂ ಟಿಂಗ್ ಟಿಂಗ್ ಅಂತ ಕೀಲಿ ಕೇಳುತ್ತಲೇ ಇತ್ತು. ಹಿಂದಿನಿಂದ ಅಕ್ಕ, "ಅಪ್ಪಾ, ನನ್ನ ಹೆಸರೇನು ಹೇಳು. ಹೇಳಪ್ಪಾ" ಅನ್ನುತ್ತಿದ್ದಳು. ಅಪ್ಪ ಒಂದು ಸಲ ಸತ್ತ ಅಮ್ಮನ ಹೆಸರು ಹೇಳಿದ. ಆಮೇಲೆ ಅದೂ ಇಲ್ಲ.

ದೊಡ್ಡ ರಸ್ತೆ ಸೇರುವ ಮುಂಚಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ.

ಅಜ್ಜ ನಿಂತಿದ್ದ.

ನಮ್ಮ ಕಡೆ ಕಾಡಾನೆಗೆ ಆನೆ ಅನ್ನುವುದಿಲ್ಲ, ಅಜ್ಜ ಅನ್ನುತ್ತೇವೆ. ಒಂಟಿ ಸಲಗ. ಹಲಸಿನ ಮರವೊಂದನ್ನು ದಾರಿಗೆ ಅಡ್ಡ ಬಗ್ಗಿಸಿಕೊಂಡು ಬಿಡುವಾಗಿ ತಿನ್ನುತ್ತಿದ್ದ. ಎರಡು ಕಡೆಯೂ ಚರಂಡಿ. ಅರಣ್ಯದವರು ಊರ ಬಾಗಿಲಲ್ಲಿ ಹಲಗೆ ನೆಟ್ಟಿದ್ದಾರೆ, ಆನೆ ಕಂಡರೆ ಎಂಜಿನ್ ಆರಿಸಬೇಡಿ ಅಂತ. ನಮ್ಮವರು ಅದನ್ನು ಓದುವುದೂ ಇಲ್ಲ. ಹಿರಿಯರ ಮುಂದೆ ಯಾರಾದರೂ ಗುರ್ ಅಂತ ನಿಲ್ಲುತ್ತಾರೆಯೇ? ಎಂಜಿನ್ ಆರಿಸಿ, ಕೈಮುಗಿದು, "ಅಜ್ಜಾ, ಮೊಮ್ಮಕ್ಕಳಿಗೆ ದಾರಿ ಬಿಡು" ಅನ್ನುವುದು. ಹಳೇ ಗಾಡಿಯಲ್ಲಿ ಅಪ್ಪನ ಪಕ್ಕ ಕೂತು ಇದನ್ನು ಮಾಡಿಯೇ ಬೆಳೆದವನು ನಾನು.

ಎಂಜಿನ್ ಸದ್ದಿಗೆ ಅಜ್ಜ ಈ ಕಡೆ ತಿರುಗಿದ. ಕಿವಿ ಬೀಸುವುದು ನಿಂತಿತು.

ಆಗ ಹಿಂದಿನ ಸೀಟಿನಿಂದ ಅಪ್ಪನ ದನಿ ಬಂತು. ಸ್ಪಷ್ಟವಾಗಿ, ಯಾವತ್ತಿನ ಗದರುವ ದನಿಯಲ್ಲೇ.

"ಏ, ಅಜ್ಜ ನಿಂತಿದಾನೆ ಕಾಣಲ್ವೇನೋ? ಆರಿಸೋ ಎಂಜಿನ್ನು."

"ಬೇಡ!" ಅಂತ ಅಕ್ಕ ಕಿರುಚಿದಳು. ಅಷ್ಟರಲ್ಲಿ ನನ್ನ ಬೆರಳು ಒತ್ತಿಯಾಗಿತ್ತು. ಅಪ್ಪ ಹೇಳಿದ್ದನ್ನು ನನ್ನ ಕೈ ನನ್ನ ತಲೆಗಿಂತ ಮುಂಚೆ ಕೇಳುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ.

ಎಂಜಿನ್ ಸತ್ತಿತು. ಜೀರುಂಡೆಗಳ ಸದ್ದು ಕೇಳಿಸಿತು. ಗುಂಡಿ ಒತ್ತಿದೆ. ಟಿಂಗ್. ಮತ್ತೆ ಒತ್ತಿದೆ. ಟಿಂಗ್. ಕೀಲಿ ಸಿಗುತ್ತಿಲ್ಲ. ಮುಷ್ಟಿಯಿಂದ ಗುದ್ದಿದೆ. ಟಿಂಗ್.

"ಗುದ್ದಬೇಡ್ವೋ, ಅಜ್ಜ ನೋಡ್ತಿದಾನೆ," ಅಂತ ಅಕ್ಕ ಪಿಸುಗುಟ್ಟಿದಳು. "ಮೇಲೆ ನೋಡು, ಕನ್ನಡಿ ಪಕ್ಕ ಕೆಂಪು ಗುಂಡಿ ಇದೆ. ಅದನ್ನ ಒತ್ತು."

ಗಾಡಿಯ ನೆತ್ತಿಯ ಮೇಲೆ ಮೀನಿನ ರೆಕ್ಕೆಯಂಥದ್ದೊಂದು ಕೊಂಬಿದೆ. ಫೋನಿಗೆ ಸಿಗದ ಸಿಗ್ನಲ್ಲೂ ಅದಕ್ಕೆ ಸಿಗುತ್ತದಂತೆ. ಒತ್ತಿದೆ. ಒಂದು ಸಂಗೀತ ಬಂತು. ಸಂಗೀತ! ಆಮೇಲೆ ಗಾಡಿ ಕಂಪನಿಯ ಒಬ್ಬ ಹೆಂಗಸಿನ ದನಿ.

"ನಮಸ್ಕಾರ. ವಿತೂನ್ ಅವರೇ, ತಮಗೆ ಏನು ಸಹಾಯ ಮಾಡಲಿ?"

"ನಾನು ಅವನಲ್ಲ. ಅವನ ಹೆಂಡತಿ ತಮ್ಮ. ಮೆಲ್ಲಗೆ ಮಾತಾಡಮ್ಮ, ಮುಂದೆ ಆನೆ ಇದೆ. ನಮ್ಮಪ್ಪನಿಗೆ ತಲೆ ಒಡೆದಿದೆ, ಗಾಡಿ ಸ್ಟಾರ್ಟ್ ಮಾಡಿಕೊಡು."

"ಕೀಲಿಯನ್ನು ಗುಂಡಿಯ ಹತ್ತಿರ ಹಿಡಿದು ಮತ್ತೊಮ್ಮೆ ಒತ್ತಿ ನೋಡಿ."

"ಕೀಲಿ ಇದ್ದಿದ್ರೆ ನಿನ್ನ ಹತ್ರ ಯಾಕಮ್ಮ ಮಾತಾಡ್ತಿದ್ದೆ?"

"ಕ್ಷಮಿಸಿ. ಮಾಲೀಕರು ಫೋನಿನಿಂದ ಎಂಜಿನ್ ಶುರು ಮಾಡಬಹುದು. ಆದರೆ ಕೀಲಿ ಒಳಗೆ ಇಲ್ಲದೆ ಗೇರ್ ಬೀಳುವುದಿಲ್ಲ. ಕಳ್ಳತನ ಆಗದಿರಲಿ ಅಂತ."

"ಕಳ್ಳತನ! ಇಲ್ಲಿ ಕದಿಯೋಕೆ ಅಜ್ಜ ಒಬ್ಬನೇ ಇರೋದು ತಾಯಿ."

ಅಕ್ಕ ಹಿಂದಿನಿಂದ ನನ್ನ ಭುಜ ಹಿಂಡಿ, ತಾನೇ ಮಾತಾಡಿದಳು. ಆ ಹೆಂಗಸಿನ ದನಿಯೂ ಬದಲಾಯಿತು, ಓದಿ ಹೇಳುವುದು ಬಿಟ್ಟಳು. ಗಾಡಿ ಎಲ್ಲಿದೆ ಅಂತ ಅವಳಿಗೆ ಕಾಣುತ್ತಿತ್ತಂತೆ. ಆಂಬುಲೆನ್ಸಿಗೆ ಹೇಳಿದಳು, ಆದರೆ ಅದು ಪೇಟೆಯಿಂದ ಬರಬೇಕು. ಭಾವನ ಫೋನಿಗೂ ಸುದ್ದಿ ಕಳಿಸಿದಳು. "ಅಪ್ಪನ ತಲೆ ಅಲುಗಿಸಬೇಡಿ ಅಕ್ಕಾ, ನಾನು ಲೈನಿನಲ್ಲೇ ಇರ್ತೀನಿ" ಅಂದಳು.

ಲೈನಿನಲ್ಲಿ ಇದ್ದು ಏನು ಮಾಡುವುದು? ಅಪ್ಪನ ಉಸಿರು ಗೊರಕೆಯ ಹಾಗೆ ಆಗತೊಡಗಿತ್ತು. ಹೊತ್ತುಕೊಂಡು ಹೋಗೋಣ ಅಂದರೆ ಮುಂದೆ ಅಜ್ಜ. ಅಜ್ಜ ಹಲಸು ತಿಂದು ಮುಗಿಸುವವನ ಹಾಗೆ ಕಾಣಲಿಲ್ಲ.

ಆಗ ಅವನ ಆಚೆ ಕಡೆ, ದೂರದಲ್ಲಿ, ಬೈಕಿನ ಸದ್ದು ಕೇಳಿ ನಿಂತಿತು. ಗುಡ್ಡದ ಕಾಲುದಾರಿ ಬಂದು ಸೇರುವುದು ಅಲ್ಲೇ. ಅಜ್ಜನ ಕಾಲುಗಳ ಸಂದಿಯಿಂದ ಬಿಳಿ ಅಂಗಿ ಕಂಡಿತು. ಭಾವ. ಗಾಡಿ ಇಲ್ಲಿ ನಿಂತಿದೆ ಅಂತ ಗುಡ್ಡದ ನೆತ್ತಿಯಲ್ಲಿ ಅವನ ಫೋನು ಹೇಳಿತ್ತು. ದಲ್ಲಾಳಿಯ ಆಳನ್ನು ಅಲ್ಲೇ ಬಿಟ್ಟು ಬೈಕು ಕಿತ್ತುಕೊಂಡು ಬಂದಿದ್ದ. ಕೀಲಿಯನ್ನು ಎತ್ತಿ ಹಿಡಿದು ನಮಗೆ ತೋರಿಸಿದ.

ಕೀಲಿ ಆಚೆ, ಗಾಡಿ ಈಚೆ, ನಡುವೆ ಅಜ್ಜ.

ಭಾವನಿಗೆ ಆನೆ ಅಂದರೆ ನಾಯಿ ಕಂಡ ಬೆಕ್ಕಿನ ಹಾಗೆ. ಮದುವೆಯಾದ ಹೊಸತರಲ್ಲಿ ದೂರದ ಘೀಳು ಕೇಳಿಯೇ ಮಂಚದ ಮೇಲೆ ಹತ್ತಿ ನಿಂತಿದ್ದವನು. ಎಸೆಯುತ್ತಾನೆ ಅಂದುಕೊಂಡೆ. ಅಷ್ಟು ದೂರ ಎಸೆದರೆ ಕೀಲಿ ಚರಂಡಿ ಪಾಲು, ಅದು ಅವನಿಗೂ ಹೊಳೆಯಿತೇನೋ. ಷೂ ಬಿಚ್ಚಿಟ್ಟ. ಚರಂಡಿಗೆ ಇಳಿದ. ಮೊಣಕಾಲು ಮುಳುಗುವ ಕೆಸರಿನಲ್ಲಿ ಕೈಮುಗಿದುಕೊಂಡೇ ನಡೆಯತೊಡಗಿದ. ತುಟಿ ಅಲುಗಾಡುತ್ತಿತ್ತು.

"ಏನಂತಿದಾರೋ ಅವರು?"

"ಅಜ್ಜ ಅನ್ನೋ ಬದಲು ಸಾರ್ ಸಾರ್ ಅಂತಿರ್ಬೇಕು."

ಅಕ್ಕ ನಗಲಿಲ್ಲ. ನಾನೂ ನಗಲಿಲ್ಲ. ಭಾವ ಅಜ್ಜನ ಪಕ್ಕಕ್ಕೆ ಬಂದ. ಸೊಂಡಿಲು ಚಾಚಿದರೆ ಸಿಗುವಷ್ಟು. ಅಜ್ಜ ಜಗಿಯುವುದನ್ನು ನಿಲ್ಲಿಸಿದ. ಭಾವನೂ ನಿಂತ. ಅವನ ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಆಮೇಲೆ ಅಜ್ಜ ಮತ್ತೊಂದು ಹಲಸು ಕಿತ್ತ. ಭಾವ ಹೆಜ್ಜೆ ಇಟ್ಟ.

ಹಿಂದಿನಿಂದ ಅಕ್ಕನ ಉಗುರು ನನ್ನ ತೋಳಿಗೆ ನಾಟಿತು. "ದಾಮ್. ಕೀಲಿ ಹತ್ತಿರ ಬಂದ್ರೆ ಗಾಡಿ ಕಣ್ಣು ಹೊಡೆಯತ್ತೆ. ಮಾಲೀಕ ಬಂದ ಅಂತ ಸ್ವಾಗತ ಮಾಡತ್ತೆ."

ಕೈಯಾಡಿಸಿ ನಿಲ್ಲು ಅಂದೆ. ಅವನು ಅದನ್ನು ಬೇಗ ಬಾ ಅಂತ ತಿಳಿದ. ಚರಂಡಿಯಿಂದ ಮೇಲೆ ಹತ್ತಿ ಓಡಿದ. ಗಾಡಿಯ ದೀಪಗಳು ಫಳ್ ಅಂತ ಹೊತ್ತಿಕೊಂಡವು, ಎರಡು ಕಡೆಯ ಕನ್ನಡಿಗಳು ಗುಂಯ್ ಅಂತ ಬಿಚ್ಚಿಕೊಂಡವು. ಅಜ್ಜ ಘೀಳಿಟ್ಟು ತಿರುಗಿದ.

ಗುಂಡಿ ಒತ್ತಿದೆ. ಎಂಜಿನ್ ಎದ್ದಿತು. ಭಾವ ಹಿಂದಿನ ತೊಟ್ಟಿಯ ಅಂಚು ಹಿಡಿದು ಮೈಯನ್ನು ಒಳಗೆ ಎಸೆದುಕೊಂಡ. ಹಿಮ್ಮುಖ ಗೇರ್ ಹಾಕಿದೆ. ಅಜ್ಜ ಬಂದೇ ಬಂದ, ಮುಂದಿನ ಗಾಜಿನ ತುಂಬ ಬರೀ ಹಣೆ. ದಂತ ಗಾಡಿಯ ಮೂತಿಗೆ ಬಡಿದು ಒಂದು ದೀಪ ಪುಡಿಯಾಯಿತು. ನಾನು ಕುತ್ತಿಗೆ ತಿರುಗಿಸಿ ಹಿಂದೆ ನೋಡಿಕೊಂಡು ಒತ್ತಿದ ಕಾಲು ತೆಗೆಯಲೇ ಇಲ್ಲ. ತಿರುವು ದಾಟಿದ ಮೇಲೆ ಅಜ್ಜ ನಿಂತ. ಧೂಳಿನಲ್ಲಿ ತಲೆ ಕೊಡವಿದ. ತನ್ನ ದಾರಿಗೆ ಅಡ್ಡ ಬಂದಿದ್ದು ಇಷ್ಟೇನೇ ಅನ್ನುವ ಹಾಗೆ ರಬ್ಬರ್ ತೋಟದೊಳಕ್ಕೆ ಇಳಿದು ಹೋದ.

ಗಾಡಿಯನ್ನು ಮತ್ತೆ ಮುಂದಕ್ಕೆ ಬಿಟ್ಟು, ಬಗ್ಗಿದ ಹಲಸಿನ ಕೊಂಬೆಗಳನ್ನು ಸವರಿಕೊಂಡು ದೊಡ್ಡ ರಸ್ತೆ ಸೇರಿದಾಗ ಆಂಬುಲೆನ್ಸ್ ಎದುರಾಯಿತು. ಆ ಹೆಂಗಸು ಇನ್ನೂ ಲೈನಿನಲ್ಲಿದ್ದಳು. "ಬಂದ್ರಾ? ಬಂದ್ರಾ ಅಣ್ಣಾ?" ಅಂತ ಕೇಳುತ್ತಿದ್ದಳು. ಅಪ್ಪನನ್ನು ಆ ಗಾಡಿಗೆ ದಾಟಿಸಿದರು. ಅಕ್ಕ ಜೊತೆಗೆ ಹೋದಳು. ನಾನು ರಸ್ತೆಯ ಪಕ್ಕ ಭಾವನ ಅಂಗಿ ಹಿಡಿದುಕೊಂಡೆ.

"ನಿನ್ನ ಗಾಡಿ ಕಿರುಚದೆ ಇದ್ದಿದ್ರೆ ನಮ್ಮಪ್ಪನಿಗೆ ಏನೂ ಆಗ್ತಿರ್ಲಿಲ್ಲ."

"ಗೊತ್ತು."

"ಗೊತ್ತಂತೆ! ತಿರುಗಿಸೋ ಕೀಲಿ ಇದ್ದಿದ್ರೆ ಇಷ್ಟೊತ್ತಿಗೆ ಆಸ್ಪತ್ರೆಲಿ ಇರ್ತಿದ್ವಿ."

"ಗೊತ್ತು ಕಣೋ. ಫೋನು ಹೇಳದೆ ಇದ್ದಿದ್ರೆ ನಾನು ಇನ್ನೂ ಆ ಗುಡ್ಡದ ಮೇಲೆ ಚೀನಾದವನ ಹತ್ರ ಹಲ್ಲು ಕಿರೀತಾ ಇರ್ತಿದ್ದೆ. ಅದೂ ಗೊತ್ತು. ಹೊಡಿ, ಹೊಡೆದುಬಿಡು, ಆಮೇಲೆ ಆಸ್ಪತ್ರೆಗೆ ಹೋಗೋಣ."

ಭಾವನದು ಬರಿಗಾಲು, ತೊಡೆಯವರೆಗೆ ಕೆಸರು. ಹೊಡೆಯುವ ಕೈ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಬೆಳಕು ಹರಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ತಲೆಯೊಳಗಿನ ರಕ್ತ ತೆಗೆದಾಯಿತು, ಜೀವಕ್ಕೆ ಭಯವಿಲ್ಲ, ಆದರೆ ಬಲಗಿವಿ ಇನ್ನು ಕೇಳಿಸಲಿಕ್ಕಿಲ್ಲ ಅಂದಳು. ಅಕ್ಕ ಗೋಡೆಗೆ ಒರಗಿ ಕೂತು ಅತ್ತಳು. ಒಳಗೆ ಬಿಟ್ಟರು. ಅಪ್ಪ ಬ್ಯಾಂಡೇಜಿನ ಮಧ್ಯದಿಂದ ನನ್ನನ್ನೇ ನೋಡಿದ.

"ಎಂಜಿನ್ ಯಾಕೋ ಆರಿಸ್ದೆ?"

"ನೀನೇ ಅಲ್ವಾ ಆರಿಸು ಅಂದಿದ್ದು?"

"ತಲೆ ಒಡೆದೋನು ಏನಾದ್ರೂ ಅಂತಾನೆ. ನಿನ್ನ ತಲೆ ನೆಟ್ಟಗಿತ್ತಲ್ಲೋ."

ನಾನು ಅವನ ಎಡಗಿವಿಯ ಕಡೆ ಹೋಗಿ ಕೂತೆ. ಹೇಳಬೇಕಾದ್ದು ಬೇಕಾದಷ್ಟಿತ್ತು. ಆದರೆ ಅಪ್ಪ ಬೈಯುತ್ತಿದ್ದ, ಅದನ್ನು ನಿಲ್ಲಿಸುವ ಮನಸ್ಸು ನನಗಿರಲಿಲ್ಲ.