ಎಡ ಮಗ್ಗುಲಿನ ಎಲೆ

ತೋಳಿನ ಮೇಲೆ ಒಣಗಿದ ಸ್ಕ್ಯಾನಿನ ಜೆಲ್ಲಿ, ಉಗುರಿನಲ್ಲಿ ಕೆರೆದರೆ ಹೊಟ್ಟು ಹೊಟ್ಟಾಗಿ ಉದುರುತ್ತದೆ, ಇದು ಬಲಗಡೆಯದೋ ಎಡಗಡೆಯದೋ — ಇದೆಂಥ ಪ್ರಶ್ನೆ, ನೋವು ಮರಗಟ್ಟಿಸುವ ಸೂಜಿ ಎರಡೂ ಕಡೆ ಕೊಟ್ಟಿರಲೇಬೇಕಲ್ಲ, ಅರಿವಳಿಕೆ ಡಾಕ್ಟರಾಗಿ ಇಷ್ಟು ವರ್ಷ ಇವಳು ಮಣ್ಣು ಹೊತ್ತಳೇ, ಎದುರಿನ ಮಂಚದಲ್ಲಿ ಅಕ್ಕ ಮಂಪರಿನಲ್ಲೇ ತುಟಿ ಚಪ್ಪರಿಸುತ್ತಿದ್ದಾಳೆ, ಸಣ್ಣ ಸಣ್ಣ ತೂತುಗಳಿಂದಲೇ ಸರ್ಜನ್ ಅವಳ ಪಿತ್ತಕೋಶವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಾಯಿತು, ಇನ್ನು ನೋವು ನೋಡಿಕೊಳ್ಳುವುದು ಮಾತ್ರ ಇವಳ ಪಾಲು. ಬಲಗಡೆಯದು ಕಣ್ಣಿಗೆ ಕಟ್ಟಿದಂತಿದೆ, ಸ್ಕ್ಯಾನಿನ ಪರದೆಯ ಮೇಲೆ ಹೊಟ್ಟೆಯ ಸ್ನಾಯುಗಳ ಪದರ, ಎರಡು ಬಿಳಿ ಗೆರೆ, ನಡುವೆ ಸೂಜಿಯ ತುದಿ, ಮದ್ದು ಇಳಿದಂತೆ ಗೆರೆಗಳು ಸರಿದು ಕಪ್ಪಗೆ ಒಂದು ಎಲೆ ಬಿಚ್ಚಿಕೊಂಡಿತು, ನೋವಿನ ನರಗಳು ಓಡುವುದು ಅಲ್ಲೇ, ಇನ್ನು ಅವು ಬಹಳ ಹೊತ್ತು ಬಾಯಿ ಬಿಡುವುದಿಲ್ಲ. ಎಡಗಡೆಯದು? ಎಡಗಡೆಯ ಎಲೆ ನೆನಪಿಗೆ ಬರುತ್ತಿಲ್ಲ.

ಮೇಜು ಸುತ್ತಿ ಎಡಕ್ಕೆ ಹೋದದ್ದು ನೆನಪಿದೆ, ಆದರೆ ಅದು ಬೆಳಿಗ್ಗೆಯ ಇನ್ನೊಬ್ಬರ ಹೊಟ್ಟೆ ಇರಬಹುದು, ದಿನಾ ಮಾಡುವ ಕೆಲಸಕ್ಕೆ ನೆನಪು ಎಲ್ಲಿರುತ್ತದೆ — ಅಕ್ಕನ ಬಲಗಡೆ ಮುಗಿಯುವಷ್ಟರಲ್ಲಿ ಸರ್ಜನ್ ಕೈಗವಸು ಕಳಚುತ್ತಾ, ನಿಮ್ಮ ಕಾರು ನನ್ನದಕ್ಕೆ ಅಡ್ಡ ನಿಂತಿದೆ ಮೇಡಂ, ಕೀ ಎಲ್ಲಿ, ಅಂದರು, ಬ್ಯಾಗಿನಲ್ಲಿದೆ ಎಂದು ಇವಳು ತಿರುಗಿದಳು, ತಿರುಗಿ ಬಂದಾಗ ಯಾರೋ ಹೊಟ್ಟೆಯ ಮೇಲೆ ಹೊದಿಕೆ ಎಳೆದಿದ್ದರು, ಕೀ, ಹಾಳು ಕೀ. ಕೊಟ್ಟಿಲ್ಲದಿದ್ದರೆ ಈಗ ಕೊಡಬಹುದು, ಕೊಟ್ಟಿದ್ದರೆ ಮತ್ತೆ ಕೊಟ್ಟಾಗ ಮದ್ದು ಮಿತಿ ಮೀರಿ ಹೃದಯಕ್ಕೇ ಹೊಡೆಯುತ್ತದೆ, ಅತ್ತ ದರಿ ಇತ್ತ ಪುಲಿ, ಬೇರೆ ಬಲವಾದ ನೋವಿನ ಮದ್ದು ಅಕ್ಕನಿಗೆ ಆಗಿಬರುವುದಿಲ್ಲ, ಹೆರಿಗೆಯ ಆಪರೇಷನ್ನಿನಲ್ಲಿ ಅದರಿಂದಲೇ ಉಸಿರು ನಿಲ್ಲುವುದರಲ್ಲಿತ್ತು, ಆಮೇಲೆ ಬರೀ ಮಾತ್ರೆ, ಅವಳು ಅತ್ತದ್ದೇ ಅತ್ತದ್ದು, ಅಮ್ಮ ನಿನ್ನದೇ ಒಂದು ಲೋಕಕ್ಕಿಲ್ಲದ ನೋವು ಅಂದಳು, ಭಾವ ನಕ್ಕರು, ಮನೆಯಲ್ಲಿ ಅವಳಿಗೆ ಅಳುಮುಂಜಿ ಎಂಬ ಹೆಸರು ಶಾಶ್ವತವಾಯಿತು. ಅದಕ್ಕೇ ಪಿತ್ತಕೋಶದ ಕಲ್ಲಿನ ನೋವು ನುಂಗಿಕೊಂಡು ವರ್ಷವೆಲ್ಲ ಆಪರೇಷನ್ ಮುಂದೂಡಿದಳು, ಕೊನೆಗೆ ಒಪ್ಪಿದ್ದು ತಂಗಿಯ ಒಂದು ಮಾತಿಗೆ, ನಾನಿದ್ದೀನಲ್ಲ ಅಕ್ಕ, ನೋವಾಗೋಕೆ ಬಿಡಲ್ಲ. ಆಹಾ, ಎಂಥ ದೊಡ್ಡ ಬಾಯಿ.

ಆಪರೇಷನ್ ಕೋಣೆಯ ಟ್ರೇ ಇನ್ನೂ ಎತ್ತಿರಲಿಕ್ಕಿಲ್ಲ, ಸಿಸ್ಟರ್, ಸ್ವಲ್ಪ ಓಡಿಹೋಗಿ ಎಡಗಡೆಯ ಸಿರಿಂಜ್ ಖಾಲಿಯೋ ತುಂಬಿದೆಯೋ ನೋಡಿ ಬನ್ನಿ, ನರ್ಸ್ ಏನೂ ಕೇಳದೆ ಓಡುತ್ತಾಳೆ, ಇವಳು ಕೈಗವಸಿಗೆ ಐಸ್ ತುಂಬಿ ಗಂಟು ಹಾಕುತ್ತಾಳೆ, ನರ ಮಲಗಿದ್ದರೆ ಚರ್ಮಕ್ಕೆ ತಂಪು ತಿಳಿಯುವುದಿಲ್ಲ, ಅಕ್ಕ, ಇದು ಹೇಗಿದೆ ಹೇಳು. ಬಲಗಡೆ ಅಕ್ಕ ಸುಮ್ಮನಿದ್ದಾಳೆ, ಮರದ ಮೇಲೆ ಇಟ್ಟಂತೆ. ಎಡಕ್ಕೆ, ಇನ್ನೂ ಎಡಕ್ಕೆ, ಸುಮ್ಮನಿರು ಅಕ್ಕ, ದಯವಿಟ್ಟು ಸುಮ್ಮನೇ ಇರು — ಹೊಟ್ಟೆ ಬೆಚ್ಚಿ ಒಳಕ್ಕೆ ಸೇದಿಕೊಂಡಿತು. ತಣ್ಣಗಿದೆ ಕಣೇ, ಅಲ್ಲೇ ನೋಯ್ತಿದೆ, ಎಂದವಳು ಕೂಡಲೇ ತುಟಿ ಕಚ್ಚಿದಳು, ಪರವಾಗಿಲ್ಲ ಬಿಡು, ನಂದು ಯಾವಾಗ್ಲೂ ಸ್ವಲ್ಪ ಜಾಸ್ತಿನೇ. ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಬಾಗಿಲಲ್ಲಿ ನರ್ಸ್, ಅವಳ ಕೈಯಲ್ಲಿ ತುಂಬಿದ ಸಿರಿಂಜು, ಮುಚ್ಚಳವನ್ನೂ ತೆಗೆದಿಲ್ಲ. ಬದುಕಿದೆ ಎನ್ನಬೇಕೋ ಸತ್ತೆ ಎನ್ನಬೇಕೋ, ಬಾಯಿ ಮುಚ್ಚಿಕೊಂಡು ಈಗ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಅಳುಮುಂಜಿ ಅತ್ತಳು, ತಂಗಿ ಇನ್ನೊಂದು ಸೂಜಿ ಚುಚ್ಚಿದಳು, ಕಥೆ ಮುಗಿಯಿತು — ಇಲ್ಲ. ಅಕ್ಕ, ಎಡಗಡೆ ನಾನು ಕೊಟ್ಟೇ ಇಲ್ಲ, ಮರೆತುಬಿಟ್ಟೆ. ಅಕ್ಕ ಕಣ್ಣು ತೆರೆದು ಅವಳನ್ನೇ ನೋಡಿದಳು, ಬೈಯಲಿ, ಬೈದರೆ ಒಳ್ಳೆಯದು. ಹಾಗಾದ್ರೆ ನೋವು ನಿಜ ತಾನೇ, ಎಂದಳು ಅಕ್ಕ. ನಿಜ ಅಕ್ಕ. ಹೊಸ ಸಿರಿಂಜಿಗೆ ಮದ್ದು, ಮಗ್ಗುಲಿಗೆ ಜೆಲ್ಲಿ, ಮಂಚವನ್ನು ಸುತ್ತಿ ಎಡಕ್ಕೆ, ಈ ಸಲ ಹೆಜ್ಜೆ ನೆನಪಿರುತ್ತದೆ, ಪರದೆಯ ಮೇಲೆ ಪದರಗಳು, ಎರಡು ಬಿಳಿ ಗೆರೆ, ಸೂಜಿಯ ತುದಿ, ಅಕ್ಕನ ಬೆರಳು ಇವಳ ಬಟ್ಟೆಯ ಚುಂಗನ್ನು ಹಿಡಿದಿದೆ, ಗೆರೆಗಳು ಸರಿಯುತ್ತಿವೆ, ನಡುವೆ ಕಪ್ಪಗೆ, ಎಲೆ.