ಸ್ಕೋಫೀಲ್ಡ್ಸ್ ನೆಲದ ನುಡಿ (ಜಾಗ ಖಾಲಿ ಬಿಟ್ಟಿದೆ)

೧.

ಈ ಕಥೆಯನ್ನು ಹೇಗೆ ಶುರು ಮಾಡುವುದು ಎಂದು ಹನ್ನೊಂದು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಆಸ್ಟ್ರೇಲಿಯಾದಲ್ಲಿ ಯಾವುದನ್ನೂ ಸುಮ್ಮನೆ ಶುರು ಮಾಡುವ ಹಾಗಿಲ್ಲ. ಆಫೀಸಿನ ಮೀಟಿಂಗ್ ಇರಲಿ, ಮಕ್ಕಳ ಸ್ಕೂಲಿನ ಅಸೆಂಬ್ಲಿ ಇರಲಿ, ಮೊದಲು ಯಾರಾದರೂ ಎದ್ದು ಈ ನೆಲದ ಮೂಲ ಜನರಿಗೂ ಅವರ ಹಿರಿಯರಿಗೂ ಗೌರವ ಸಲ್ಲಿಸುವ ನಾಲ್ಕು ಸಾಲು ಓದಬೇಕು. ಆಮೇಲೆ ಬಜೆಟ್ಟೋ ಕೇಕ್ ಮಾರಾಟವೋ ಏನಾದರೂ ಆಗಬಹುದು. ಮೆಲ್ಬರ್ನ್‌ನಲ್ಲಿ ಹನ್ನೆರಡು ವರ್ಷದಿಂದಿರುವ ಕೃಪಾ ಎಂಬ ನಾನು ಆ ಸಾಲುಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ.

(ಕಥೆಗೂ ಅದನ್ನೇ ಹಾಕಲೇ? ಹಾಕಿದೆ. ಅಳಿಸಿದೆ. ಮತ್ತೆ ಹಾಕಿ ಮತ್ತೆ ಅಳಿಸಿದೆ. ಈಗ ಇಲ್ಲ.)

೨.

ನನ್ನ ಕಥೆಯ ನಾಯಕ ಸುಕೇಶ್‌ನನ್ನು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಇಟ್ಟಿದ್ದೇನೆ. ಅಲ್ಲಿ ಮನೆಗಳು ಮರಗಳಿಗಿಂತ ಹಳೆಯವು. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ, ವಾರಕ್ಕೆರಡು ದಿನ ಮನೆಯಿಂದಲೇ. ಜನವರಿ ಇಪ್ಪತ್ತಾರಕ್ಕೆ ಅವನ ಸಿಟಿಜನ್‌ಶಿಪ್ ಪ್ರಮಾಣ. ಬ್ರಿಟಿಷರು ಇಲ್ಲಿ ಬಂದಿಳಿದ ಆ ತಾರೀಖು ಕೆಲವರಿಗೆ ದೇಶದ ಹಬ್ಬ, ನೆಲ ಕಳೆದುಕೊಂಡವರಲ್ಲಿ ಅನೇಕರಿಗೆ ಸೂತಕ. ಸುಕೇಶ್‌ಗೆ ಸದ್ಯಕ್ಕೆ ಅದು ರಜೆ.

ಅವನ ಅಮ್ಮ ಪ್ರೇಮಾವತಿಯನ್ನು ಉಡುಪಿ ಕಡೆಯ ಕಟಪಾಡಿಯಿಂದ ಕರೆಸಿದ್ದು ನಾನೇ, ಸ್ವಲ್ಪ ನಗೆಗಿರಲಿ ಎಂದು. ಆಕೆ ಬಟಾಣಿ ಸುಲಿಯುತ್ತ ಮಗ ಲ್ಯಾಪ್‌ಟಾಪ್ ಮುಂದೆ ಆ ನಾಲ್ಕು ಸಾಲು ಓದುವುದನ್ನು ಕೇಳಿಸಿಕೊಂಡರು. ಮೀಟಿಂಗ್ ಮುಗಿದ ಮೇಲೆ ಶುರುವಾಯಿತು.

“ಎಂಥ ಓದಿದ್ದು ನೀನು?”

“ಅದಾ, ಅಕ್ನಾಲೆಜ್‌ಮೆಂಟ್ ಅಮ್ಮ. ಈ ಜಾಗ ಮೊದ್ಲು ಯಾರದ್ದಿತ್ತೋ ಅವ್ರಿಗೆ ರೆಸ್ಪೆಕ್ಟ್ ಕೊಡೋದು. ಇಲ್ಲಿ ಧರುಗ್ ಅಂತ ಜನ.”

“ಅವ್ರು ಎಂಥ ಹೇಳಿದ್ರು?”

“ಅವ್ರು ಯಾಕೆ ಹೇಳ್ತಾರೆ? ಅದು ಜಸ್ಟ್ ಪ್ರೋಟೋಕಾಲ್.”

ಪ್ರೇಮಾವತಿಯ ಮನೆತನದಲ್ಲಿ ಕೋಲದಲ್ಲಿ ದೈವದ ಮುಂದೆ ಪ್ರಾರ್ಥನೆ ಮಾಡಿದ ಯಜಮಾನ ದೈವ ಉತ್ತರವಾಗಿ ನುಡಿ ಕೊಡುವವರೆಗೆ ಕೈಮುಗಿದೇ ನಿಲ್ಲುತ್ತಾನೆ. ತನ್ನದನ್ನು ಹೇಳಿ ನಡೆದುಬಿಡುವುದು ಮರ್ಯಾದೆಯಲ್ಲ.

“ಹೇಳಿದ ಮೇಲೆ ನಿಲ್ಲಬೇಕು ಮಗಾ. ನುಡಿ ಬಾರದೆ ಈ ನೆಲದ ಮೇಲೆ ಪ್ರಮಾಣ ಮಾಡ್ಬೇಡ. ಮಾಡಿದ್ರೆ ನಾನು ಈ ಮನೆಯಲ್ಲಿ ದೀಪ ಇಡುವುದಿಲ್ಲ.”

ನನ್ನ ಹಾಸ್ಯ ಇಲ್ಲಿಗೆ ಕೈಕೊಟ್ಟಿತು. ಆಕೆಯ ದನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

೩.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸುಕೇಶ್ ನಾಲ್ಕು ಸಾಲು ಓದಿದ. ಓದಿ, ನಿಂತ.

(ಇಲ್ಲಿ ಮ್ಯಾನೇಜರ್ “ಸುಕೇಶ್, ಯು ಆರ್ ಆನ್ ಮ್ಯೂಟ್” ಎನ್ನುತ್ತಾಳೆ ಎಂದು ಬರೆದಿದ್ದೆ. ತೆಗೆದೆ. ಅವಳೂ ಕಾದಳು.)

ಪರದೆಯ ಮೇಲೆ ಹನ್ನೆರಡು ಚೌಕ, ಹನ್ನೆರಡು ಮುಖ. ಅರ್ಧ ನಿಮಿಷವಾದ ಮೇಲೆ ಹದಿಮೂರನೆಯದು ಬಂತು. ಅದನ್ನು ನಾನು ಯೋಚಿಸಿರಲಿಲ್ಲ. ಕಪ್ಪು ಚೌಕ, ಹೆಸರಿಲ್ಲ. ಯಾರಾದರೂ ಮಾತಾಡುವಾಗ ಚೌಕದ ಸುತ್ತ ಬೆಳಗುವ ಗೆರೆ ಬೆಳಗಿತು, ಆರಿತು, ಮತ್ತೆ ಬೆಳಗಿತು. ಸದ್ದು ಮಾತ್ರ ಇಲ್ಲ. ಸುಕೇಶ್ ವಾಲ್ಯೂಮ್ ಪೂರ್ತಿ ಏರಿಸಿದ. ಎಲ್ಲರೂ ತಂತಮ್ಮ ಪರದೆಯ ಹತ್ತಿರ ಬಾಗಿದರು. ಅಡುಗೆಮನೆಯ ಬಾಗಿಲಲ್ಲಿ ಪ್ರೇಮಾವತಿ ಕೈಮುಗಿದು ನಿಂತಿದ್ದರು. ಆಮೇಲೆ ಮ್ಯಾನೇಜರ್ ಕೆಮ್ಮಿ “ಥ್ಯಾಂಕ್ಸ್” ಎಂದಳು, ಚೌಕ ಹೋಯಿತು, ಬಜೆಟ್ ಶುರುವಾಯಿತು.

“ಎಂಥ ಹೇಳಿದ್ದು?”

“ಕೇಳಿಸ್ಲಿಲ್ಲ ಅಮ್ಮ.”

“ಹೇಳಿದ್ದು ಹೌದಲ್ಲ?”

ಸುಕೇಶ್ ಲ್ಯಾಪ್‌ಟಾಪ್ ಮುಚ್ಚಿದ. ನಾನೂ ನನ್ನದನ್ನು ಮುಚ್ಚಿದೆ.

೪.

 

೫.

ಮೇಲಿನದು ಪ್ರಿಂಟಿನ ತಪ್ಪಲ್ಲ. ಆ ಚೌಕ ಹೇಳಿದ್ದು ಅಲ್ಲಿ ಬರಬೇಕಿತ್ತು. ಅದರ ಭಾಷೆ ನನಗೆ ಒಂದಕ್ಷರ ಬಾರದು, ಅದರ ಬಾಯಿಗೆ ನನ್ನ ಕನ್ನಡ ತುರುಕಲು ನಾನ್ಯಾರು? ೨೦೨೩ರಲ್ಲಿ ಮೂಲ ಜನರಿಗೆ ಪಾರ್ಲಿಮೆಂಟಿಗೆ ತಮ್ಮ ಮಾತು ಮುಟ್ಟಿಸುವ ಒಂದು ಮಂಡಳಿ ಇರಲಿಯೇ ಎಂದು ದೇಶವನ್ನೇ ಕೇಳಿದರು. ಹೆಚ್ಚಿನವರು ಬೇಡ ಎಂದರು. ಮತಚೀಟಿಯಲ್ಲಿ ‘ಯೆಸ್’ ಅಥವಾ ‘ನೋ’ ಎಂದು ಒಂದೇ ಪದ ಬರೆಯಬೇಕಿತ್ತು. ನಾನೂ ಬರೆದೆ. ಏನು ಬರೆದೆ ಎಂದು ದಯವಿಟ್ಟು ಕೇಳಬೇಡಿ.

ಮುಕ್ತಾಯಗಳು ಎರಡಿವೆ, ಬೇಕಾದ್ದನ್ನು ಆರಿಸಿಕೊಳ್ಳಿ. ಒಂದು: ಸುಕೇಶ್ ಪ್ರಮಾಣ ಮಾಡಿ, ಊರಿನ ಕೌನ್ಸಿಲ್ ಹೊಸ ಪ್ರಜೆಗಳಿಗೆ ಕೊಡುವ ಸಸಿ ಹಿಡಿದು ಫೋಟೊ ತೆಗೆಸಿಕೊಂಡು ದೀಪವಿಲ್ಲದ ಮನೆಗೆ ಬರುತ್ತಾನೆ. ಎರಡು: ಪ್ರಮಾಣದ ಹಾಳೆ ಹಿಡಿದು ಬಾಯಿ ಬಿಡದೆ ನಿಲ್ಲುತ್ತಾನೆ, ಹಾಲ್‌ನಲ್ಲಿರುವ ಎಲ್ಲರೂ ಕಾಯುತ್ತಾರೆ.

ಪ್ರೇಮಾವತಿ ಎರಡನ್ನೂ ಒಪ್ಪಲಿಲ್ಲ. ಮಗನನ್ನು ಬಿಟ್ಟು, ಕಥೆಯೊಳಗಿಂದಲೇ ನನ್ನ ಕಡೆ ತಿರುಗಿದರು.

“ನಿನ್ನದು ಪ್ರಮಾಣ ಆಗಿದೆಯಲ್ಲ?”

“ಏಳು ವರ್ಷ ಆಯ್ತು ಆಂಟಿ.”

“ನಿನಗೆ ನುಡಿ ಬಂತಾ?”

“ಇಲ್ಲ ಆಂಟಿ. ಯಾರೂ ಏನೂ ಹೇಳ್ಲಿಲ್ಲ.”

“ಸರಿಯಾಗಿ ನೋಡು.”

೬.

ನೋಡಿದೆ. ಹಳೆಯ ಫೋನಿನಲ್ಲಿ ನನ್ನ ಪ್ರಮಾಣದ ದಿನದ ಸೆಲ್ಫಿ ವಿಡಿಯೊ ಇದೆ, ನಲವತ್ತೊಂದು ಸೆಕೆಂಡಿನದು. ಅಮ್ಮನಿಗೆ ಕಳಿಸಿದ ಮೇಲೆ ತೆರೆದಿರಲಿಲ್ಲ. ಮುಂದೆ ನಾನು, ರೇಷ್ಮೆ ಸೀರೆ, ಕೈಯಲ್ಲಿ ಪುಟ್ಟ ಬಾವುಟ. ನನ್ನ ಭುಜದ ಹಿಂದೆ, ವೇದಿಕೆಯ ಮೇಲೆ, ತುಪ್ಪಳದ ಮೇಲುಹೊದಿಕೆ ಹೊದ್ದ ವಯಸ್ಸಾದ ಹೆಂಗಸೊಬ್ಬರು. ಈ ನೆಲದವರು, ನಮ್ಮನ್ನು ಬರಮಾಡಿಕೊಳ್ಳಲು ಬಂದವರು. ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಾರೆ. ಅವರ ತುಟಿ ಅಲ್ಲಾಡುತ್ತಿದೆ, ಕೇಳಿಸುತ್ತಿರುವುದು ನನ್ನ ದನಿ: “ಅಮ್ಮ, ಸೆರಗು ಕಾಣ್ತಿದ್ಯಾ, ಇದು ನೀನು ಕೊಡ್ಸಿದ್ದು.”

ಯಾರೂ ಏನೂ ಹೇಳಲಿಲ್ಲ ಎಂದು ಏಳು ವರ್ಷದಿಂದ ನಂಬಿಕೊಂಡಿದ್ದೆ. ನನಗೆ ನಾಚಿಕೆಯಾಗುತ್ತಿದೆ.

ಮೂವತ್ತೆರಡನೆಯ ಸೆಕೆಂಡಿಗೆ ಅವರು ಮಾತು ನಿಲ್ಲಿಸುತ್ತಾರೆ. ಅವರು ನೇರ ನನ್ನ ಫೋನಿನತ್ತ ನೋಡುತ್ತಾರೆ, ಏನನ್ನೋ ಕೇಳಿ ಉತ್ತರಕ್ಕೆ ನಿಂತವರ ಹಾಗೆ.

ಅಲ್ಲಿಗೇ ವಿಡಿಯೊ ನಿಲ್ಲಿಸಿದ್ದೇನೆ. ಸಿಡ್ನಿಯಲ್ಲಿ ಸುಕೇಶ್ ಪ್ರಮಾಣದ ಹಾಳೆ ಹಿಡಿದು ನನ್ನ ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದಾನೆ. ಅವನ ಹಿಂದೆ ಪ್ರೇಮಾವತಿ, ಬೆಂಕಿಪೊಟ್ಟಣ ಸೆರಗಿನಲ್ಲಿ ಕಟ್ಟಿಕೊಂಡು. ವಿಡಿಯೊದ ಉಳಿದ ಒಂಬತ್ತು ಸೆಕೆಂಡಿನಲ್ಲಿ ನಾನು ವೇದಿಕೆಯ ಆ ಹಿರಿಯರಿಗೆ ಏನೋ ಹೇಳಿದ್ದೇನೆ. ಏನೆಂದು ನೆನಪಿಲ್ಲ, ಮುಂದೆ ಓಡಿಸಿ ಕೇಳಲು ಧೈರ್ಯವಿಲ್ಲ.