ಗುದ್ದಪ್ಪನ ನಾಲ್ಕನೆಯ ಮನೆ

ಬಾಗಿಲು ಅರ್ಧ ತೆರೆಯುವಷ್ಟರಲ್ಲೇ ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ನಾಯಿಗಳ ಆಶ್ರಯಧಾಮದ ಮೇಲ್ವಿಚಾರಕಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಹಳೆಯ ಬೆವರು, ಒಣಗಿದ ಮೂತ್ರ, ತಲೆಯ ಎಣ್ಣೆ, ಯಾರದೋ ಕಾಯಿಲೆಯ ಮುಲಾಮು. ನೂರು ಜನ ಮಲಗೆದ್ದ ಕೋಣೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟು ಈಗಷ್ಟೇ ತೆರೆದಂತಿತ್ತು.

ಆದರೆ ಅವಳ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ಎಂಟು ತಿಂಗಳಿಂದ ಅವಳ ಕಾಲಿಗೆ ಅಂಟಿಕೊಂಡೇ ನಡೆಯುತ್ತಿದ್ದ ಕುರುಡು ನಾಯಿ ಮೊದಲ ಬಾರಿಗೆ ಮುಂದಕ್ಕೆ ಎಳೆಯುತ್ತಿತ್ತು.

"ಬನ್ನಿ ಅಕ್ಕ, ಒಳಗೆ ಬನ್ನಿ. ಚಪ್ಪಲಿ ಬಿಡೋದು ಬೇಡ, ಕಾಲೇ ಕೊಳೆಯಾಗುತ್ತೆ," ಎಂದು ಬಾಗಿಲಲ್ಲಿ ನಿಂತಿದ್ದ ಹೆಂಗಸು ನಕ್ಕಳು. ಐವತ್ತರ ಆಸುಪಾಸಿನ ಅವಳ ಹುಬ್ಬು, ಕೂದಲು, ತುಟಿಯ ಮೇಲಿನ ನವಿರು ಎಲ್ಲವೂ ಹತ್ತಿಯ ಧೂಳಿನಿಂದ ಬೆಳ್ಳಗಾಗಿದ್ದವು. ಹಳೆಯ ಹಾಸಿಗೆಗಳನ್ನು ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವುದು ಅವಳ ಕಸುಬು.

ಮೇಲ್ವಿಚಾರಕಿ ಒಳಗೆ ಕಾಲಿಟ್ಟು ಒಂದು ಸಲ ಸುತ್ತಲೂ ನೋಡಿದಳು. ಗೋಡೆಗೊರಗಿ ಎದೆಯೆತ್ತರಕ್ಕೆ ಪೇರಿಸಿದ್ದ ಹಾಸಿಗೆಗಳ ಮೇಲೆ ಹಳದಿ ಕಲೆಗಳು ಒಂದರೊಳಗೊಂದು ಉಂಗುರ ಬರೆದಿದ್ದವು. ನೆಲದ ಮೇಲೆ ಕಪ್ಪಾದ ಹತ್ತಿಯ ಗುಡ್ಡೆ, ಕಿಟಕಿಯ ಸರಳಿಗೆ ಜೋತುಬಿದ್ದ ಜೇಡರ ಬಲೆ, ಬಲೆಯಲ್ಲೂ ಹತ್ತಿ. ಊಟದ ತಟ್ಟೆಯೊಂದು ಬಿಚ್ಚಿಟ್ಟ ಹಾಸಿಗೆಯ ಮೇಲೆಯೇ ಕುಳಿತಿತ್ತು.

ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ಸ್ವಚ್ಛತಾ ವಿಭಾಗ ನೋಡಿಕೊಂಡು ನಿವೃತ್ತಳಾದ ಮೇಲೆ ನಾಯಿಗಳ ಆಶ್ರಯಧಾಮಕ್ಕೆ ಬಂದವಳು ಅವಳು. ಅಲ್ಲಿನ ಕೆಲಸದವರು ಅವಳ ಬೆನ್ನ ಹಿಂದೆ 'ಫಿನಾಯಿಲಮ್ಮ' ಎಂದು ಕರೆಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಬಿರುದೆಂದೇ ತಿಳಿದಿದ್ದಳು. ನಾಯಿಯನ್ನು ದತ್ತು ಕೊಡುವ ಮೊದಲು ಮನೆ ನೋಡಿ ಬರುವ ಪದ್ಧತಿಯನ್ನು ತಂದವಳೂ ಅವಳೇ. ಫಾರಂನ ಮೊದಲ ಕಲಂ ನೈರ್ಮಲ್ಯ. ಹತ್ತಕ್ಕೆ ಐದರ ಕೆಳಗೆ ಬಿದ್ದ ಮನೆಗೆ ನಾಯಿಯಿಲ್ಲ.

ಈ ನಾಯಿ ಆಗಲೇ ಮೂರು ಮನೆ ಕಂಡು ಹಿಂದಿರುಗಿತ್ತು. ಮೊದಲ ಮನೆಯೊಡತಿ ಬಿಳಿಯ ಸೋಫಾದ ಮೇಲೆ ಅದನ್ನು ತಬ್ಬಿಕೊಂಡು ನಲವತ್ತು ಫೋಟೊ ತೆಗೆಸಿಕೊಂಡಳು. ಐದನೆಯ ದಿನ, ಫೋನಿನಲ್ಲಿ ಆ ಫೋಟೊಗಳಿಗೆ ಹೊಗಳಿಕೆ ಬರುವುದು ನಿಂತ ಮೇಲೆ, ಡ್ರೈವರನ ಕೈಯಲ್ಲಿ ವಾಪಸು ಕಳಿಸಿದಳು. ಕಣ್ಣೀರು ಹಾಕುತ್ತ ಕರೆದೊಯ್ದಿದ್ದ ಎರಡನೆಯ ಮನೆಯ ದಂಪತಿ, "ಗೋಡೆಗೆಲ್ಲ ರಕ್ತ ಬಳೀತು ಮೇಡಂ, ಪೇಂಟ್ ಮಾಡಿಸಿ ಆರು ತಿಂಗಳೂ ಆಗಿಲ್ಲ," ಎಂದು ಗೇಟಿನ ಹೊರಗೇ ಹಗ್ಗ ಒಪ್ಪಿಸಿ ಹೋದರು. ಮೂರನೆಯವನು ಸುಗಂಧದ ಶಾಂಪೂ ಹಾಕಿ ದಿನಕ್ಕೆರಡು ಸಲ ಮೀಯಿಸಿ, ಕೊನೆಗೆ ಬಾಲ್ಕನಿಯಲ್ಲಿ ಕಟ್ಟಿಹಾಕಿದ್ದ. ಮೂರು ಮನೆಗಳಿಗೂ ಅವಳು ನೈರ್ಮಲ್ಯಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದಳು. ಆ ಮುಖಗಳನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತಿತ್ತು.

"ಗೋಡೆಗೆ ಗುದ್ದಿ ಗುದ್ದಿ ಮೂಗಿನ ಗಾಯ ಮಾಯ್ತಾನೇ ಇಲ್ಲ," ಎಂದಿದ್ದರು ಧಾಮದ ವೈದ್ಯರು. "ಊಟ ಬಿಟ್ಟು ನಾಲ್ಕು ದಿನ. ಇರೋ ಜಾಗದಲ್ಲೇ ಹುಚ್ಚು ಹಿಡಿದ ಹಾಗೆ ಸುತ್ತುತ್ತೆ. ಇದನ್ನ ಬದುಕು ಅಂತೀರಾ? ಶನಿವಾರ ಹತ್ತು ಗಂಟೆಗೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡ್ತೀನಿ. ಅಷ್ಟರೊಳಗೆ ಮನೆ ಸಿಕ್ಕಿದ್ರೆ ನಿಮ್ಮ ಪುಣ್ಯ."

ಇಂದು ಶುಕ್ರವಾರ. ಸಂಜೆಯಾಗುತ್ತಿತ್ತು. ನಾಯಿ ಬೇಕೆಂದು ಫೋನ್ ಮಾಡಿದ್ದವಳು ಇವಳೊಬ್ಬಳೇ.

"ಏನಂತಾರೆ ಇವನನ್ನ?" ಹಾಸಿಗೆಯವಳು ಕೇಳಿದಳು.

"ಗುದ್ದಪ್ಪ ಅಂತಾರೆ, ನಮ್ಮ ಕೆಲಸದವರು. ನಾನಲ್ಲ."

"ಒಳ್ಳೆ ಜನ! ಕುರುಡ ಎಡವಿದ್ರೆ ಅದನ್ನೇ ಹೆಸರು ಮಾಡಿಬಿಟ್ರಾ? ಕೂತ್ಕೊಳ್ಳಿ ಅಕ್ಕ."

"ಬೇಡ, ನಿಂತೇ ಇರ್ತೀನಿ."

"ಕೂತ್ಕೊಳ್ಳಿ, ಅದು ಲಾಡ್ಜಿನ ಹಾಸಿಗೆ. ಒಂದೊಂದು ರಾತ್ರಿ ಮಲಗಿ ಹೋಗೋರು, ಯಾರ ವಾಸನೆಯೂ ಗಟ್ಟಿಯಾಗಿ ಅಂಟಿರಲ್ಲ. ಆ ಕಡೇದು ಮಾತ್ರ ಬೇಡ. ಆ ಯಜಮಾನರು ಎರಡು ವರ್ಷ ಎಡ ಮಗ್ಗುಲಲ್ಲೇ ಮಲಗಿದ್ದೋರು. ನೋಡಿ, ಹತ್ತಿ ಹೇಗೆ ಹಿಟ್ಟಾಗಿದೆ!" ಅವಳು ಕಲೆಯ ಮೇಲೆ ಹೆಬ್ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದಳು. ಮೇಲ್ವಿಚಾರಕಿ ಮುಖ ತಿರುಗಿಸಿದಳು. ಉಬ್ಬಳಿಕೆ ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಯಿತು.

"ಕಣ್ಣಿಲ್ಲದ ನಾಯಿ ನಿಮಗೆ ಯಾಕೆ?"

"ಕಣ್ಣಿರೋದನ್ನ ಸಾಕಿ ನೋಡಿದ್ದೀನಲ್ಲ. ಹತ್ತಿ ಹಾರಿದ್ರೆ ಸಾಕು, ಹಿಂದೇನೇ ಓಡೋದು. ಮೂರು ಹಾಸಿಗೆ ಹರಿದು ಹಾಕ್ತು. ಬೆಳಗಿಂದ ಸಂಜೆ ತನಕ ಒಬ್ಬಳೇ ಹೊಲೀತೀನಿ ಅಕ್ಕ. ನನಗೆ ಮಾತು ಕೇಳೋಕೆ ಎರಡು ಕಿವಿ ಸಾಕು. ಕಣ್ಣು ಯಾರಿಗೆ ಬೇಕು?"

"ಸೂಜಿಗಳು?" ಮೇಲ್ವಿಚಾರಕಿಯ ದನಿ ಗಡುಸಾಯಿತು. ಗೋಡೆಯ ಹಲಗೆಗೆ ಚುಚ್ಚಿಟ್ಟ ಗೇಣುದ್ದದ ಸೂಜಿಗಳನ್ನು ಅವಳು ಕಂಡಿದ್ದಳು. "ಕುರುಡು ಪ್ರಾಣಿ ಓಡಾಡೋ ನೆಲ ಇದು."

"ಹೊಲಿಯೋವಾಗ ಗೋಡೆ ಹಲಗೆಯಲ್ಲಿ ಹನ್ನೊಂದು, ಕೈಯಲ್ಲಿ ಒಂದು. ಲೆಕ್ಕ ತಪ್ಪಿದ್ರೆ ಆ ದಿನ ನಾನು ಊಟಕ್ಕೆ ಏಳಲ್ಲ. ಒಂದು ಸೂಜಿ ಯಾರದಾದ್ರೂ ಬೆನ್ನಿಗೆ ಚುಚ್ಚಿದ್ರೆ ನನ್ನ ಅನ್ನ ಹೋದ ಹಾಗೆ." ಅವಳು ಬಗ್ಗಿ ನಾಯಿಯ ಕೊರಳಿನ ಹಗ್ಗಕ್ಕೆ ಕೈ ಹಾಕಿದಳು.

"ಬಿಚ್ಚಬೇಡಿ!"

ಅಷ್ಟರಲ್ಲಿ ಹಗ್ಗ ಬಿಚ್ಚಿಯಾಗಿತ್ತು.

ನಾಯಿ ಒಂದು ಕ್ಷಣ ಗಾಳಿಯಲ್ಲಿ ಮೂಗೆತ್ತಿ ನಿಂತಿತು. ಆ ಮೂಗು ಗೋಡೆಗೆ ಬಡಿದಾಗ ಆಗುವ ಸದ್ದು ಮೇಲ್ವಿಚಾರಕಿಗೆ ಕನಸಿನಲ್ಲೂ ಕೇಳಿಸುತ್ತಿತ್ತು. ನಾಯಿ ಹಾಸಿಗೆಗಳ ಮೊದಲ ಅಟ್ಟಿಯ ಬಳಿಗೆ ಹೋಗಿ ಮೂಸಿತು, ಬಳಸಿಕೊಂಡು ನಡೆಯಿತು. ಎರಡನೆಯದನ್ನು ಮೂಸಿ ತಿರುಗಿತು. ಹತ್ತಿಯ ಗುಡ್ಡೆಗೆ ಮುಖ ತಗುಲಿದಾಗ ಬೆಚ್ಚಿ ನಿಂತು, ನೋವಾಗಲಿಲ್ಲವೆಂದು ತಿಳಿದು, ಮತ್ತೊಮ್ಮೆ ಬೇಕೆಂದೇ ತಲೆ ಹುದುಗಿಸಿತು. ಅಲ್ಲಿಂದ ನೇರವಾಗಿ ಹಾಸಿಗೆಯ ಮೇಲಿನ ತಟ್ಟೆಯ ಬಳಿಗೆ ಹೋಗಿ, ಉಳಿದಿದ್ದ ತುತ್ತು ಅನ್ನವನ್ನು ನೆಕ್ಕತೊಡಗಿತು.

"ಅಯ್ಯೋ ಕಳ್ಳ! ಬಂದ ದಿನಾನೇ ಪಾಲು ಕೇಳ್ತೀಯಾ?" ಹಾಸಿಗೆಯವಳು ಹಿಗ್ಗಿ ಬೈದಳು.

ತಟ್ಟೆ ಖಾಲಿಯಾದ ಮೇಲೆ ನಾಯಿ ಹೊಸ್ತಿಲ ಹತ್ತಿರ ಬಂದು ಕಾಲೆತ್ತಿ ಗೋಡೆಯ ಮೂಲೆಗೆ ಮೂತ್ರ ಹೊಯ್ದು ಮತ್ತೆ ಒಳಕ್ಕೆ ನಡೆಯಿತು.

ಮೇಲ್ವಿಚಾರಕಿಯ ಕೈಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಚೀಲದಿಂದ ಬಾಟಲಿ ಹೊರಬಂತು, ಬಿರಡೆ ತಿರುಗಿತು, ಬಿಳಿಯ ಫಿನಾಯಿಲು ಹೊಸ್ತಿಲಿನುದ್ದಕ್ಕೂ ಹರಿಯಿತು. ಹಾಸಿಗೆಯವಳು "ಅಕ್ಕ, ಬೇಡ," ಎನ್ನುವಷ್ಟರಲ್ಲಿ ಅವಳು ಚಿಂದಿಬಟ್ಟೆಯಿಂದ ಮೂಲೆಯನ್ನು ಉಜ್ಜಿ ಮುಗಿಸಿದ್ದಳು. ಆ ಕಟು ವಾಸನೆ ಕೋಣೆಯ ಉಳಿದೆಲ್ಲವನ್ನೂ ಅಳಿಸಿಹಾಕಿತು. ಅವಳು ಹಾಯಾಗಿ ಉಸಿರೆಳೆದುಕೊಂಡಳು.

ನಾಯಿ ಕೋಣೆಯ ನಡುವೆ ನಿಂತುಬಿಟ್ಟಿತು. ಮೂಗನ್ನು ಆಚೆ ಈಚೆ ತಿರುಗಿಸಿತು. ತಾನು ವಾಸನೆಯ ಗುರುತು ಬಿಟ್ಟು ಹೋದ ಮೂಲೆಯನ್ನು ಹುಡುಕಿಕೊಂಡು ಹೊಸ್ತಿಲಿನತ್ತ ಬಂದು, ಒದ್ದೆ ನೆಲವನ್ನು ಮೂಸಿದ್ದೇ ಸೀನಿ ಹಿಂದೆ ಜಿಗಿಯಿತು. ಆಮೇಲೆ ಸುತ್ತತೊಡಗಿತು. ಧಾಮದಲ್ಲಿ ದಿನವೂ ಸುತ್ತುತ್ತಿದ್ದ ಅದೇ ಸುತ್ತು: ಮೊದಲು ದೊಡ್ಡದು, ಆಮೇಲೆ ಚಿಕ್ಕದು, ಆಮೇಲೆ ತನ್ನ ಬಾಲವನ್ನೇ ಬೆನ್ನಟ್ಟುವಷ್ಟು ಕಿರಿದು. ಮೂರನೆಯ ಸುತ್ತಿನಲ್ಲಿ ಅದರ ಮೂಗು ಬಾಗಿಲ ಚೌಕಟ್ಟಿಗೆ ಬಡಿಯಿತು. ಅದೇ ಸದ್ದು. ನೆಲದ ಮೇಲೆ ರಕ್ತದ ಎರಡು ಹನಿ.

ಹಾಸಿಗೆಯವಳು ಎಡ ಮಗ್ಗುಲ ಯಜಮಾನರ ಹಾಸಿಗೆಯಿಂದ ಕಪ್ಪು ಹತ್ತಿಯನ್ನು ಎರಡೂ ತೋಳುಗಳಲ್ಲಿ ಬಾಚಿ ತಂದು ಹೊಸ್ತಿಲಿನ ಮೇಲೆ ಸುರಿದಳು. ಇನ್ನೊಂದು ಸಲ ಬಾಚಿದಳು. ನಾಯಿ ನಿಂತಿತು. ಹತ್ತಿಯನ್ನು ಮೂಸಿತು. ನಡುಗುತ್ತಿದ್ದ ಬೆನ್ನು ನಿಧಾನವಾಗಿ ಇಳಿಯಿತು.

"ಅಲ್ಲಿ ಇವನ ಕೋಣೆ ತೊಳೆಯೋರು ಯಾರು ಅಕ್ಕ?" ಅವಳು ಕೆಳಗೆ ಕುಳಿತು, ನಾಯಿಯ ಮೂಗಿನ ರಕ್ತವನ್ನು ತನ್ನ ಮುಂಗೈಯಿಂದ ಒರೆಸುತ್ತ ಕೇಳಿದಳು.

"ನಾನೇ," ಎಂದಳು ಮೇಲ್ವಿಚಾರಕಿ. "ಬೇರೆ ನಾಯಿಗಳದ್ದನ್ನ ಕೆಲಸದವರು ದಿನಕ್ಕೊಂದು ಸಲ ತೊಳೀತಾರೆ. ಇವನದ್ದನ್ನ ನಾನೇ, ಫಿನಾಯಿಲು ಹಾಕಿ ಮೂರು ಸಲ. ಪಾಪ, ಕಣ್ಣಿಲ್ಲ ಅಂತ..."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನೀರಲ್ಲಿ ನೆನೆದು ನೆನೆದು ಬಿಳುಚಿದ, ಉಗುರಿನ ಸಂದಿಯಲ್ಲೂ ಕೊಳೆಯಿಲ್ಲದ ಬೆರಳುಗಳು. ಎಂಟು ತಿಂಗಳು. ದಿನಕ್ಕೆ ಮೂರು ಸಲ. ಬಾಗಿಲು ತೆರೆದಾಗ ಬಾರದಿದ್ದ ವಾಂತಿ ಈಗ ಬಂತು. ಅವಳು ಹೊರಗೋಡಿ, ಮೋರಿಯ ಪಕ್ಕದಲ್ಲಿ ಬಗ್ಗಿ, ಗೋಡೆ ಹಿಡಿದು ನಿಂತಳು.

ಹಾಸಿಗೆಯವಳು ಚೊಂಬಿನಲ್ಲಿ ನೀರು ತಂದಳು. "ನಮ್ಮನೆ ವಾಸನೆ ಹೊಸಬರಿಗೆ ಹೀಗೇ ಅಕ್ಕ. ಬೇಜಾರು ಮಾಡ್ಕೋಬೇಡಿ."

"ಮನೆಯದ್ದಲ್ಲ," ಎಂದಳು ಮೇಲ್ವಿಚಾರಕಿ.

ಬಾಯಿ ಮುಕ್ಕಳಿಸಿದ ಮೇಲೆ ಅವಳು ಒಳಗೆ ಬಂದು, ಲಾಡ್ಜಿನ ಹಾಸಿಗೆಯ ಮೇಲೆ ಕುಳಿತು ಫಾರಂ ತೆಗೆದಳು. ನೈರ್ಮಲ್ಯದ ಕಲಂ ಎದುರು ಲೇಖನಿ ಬಹಳ ಹೊತ್ತು ನಿಂತಿತು. ಸುಳ್ಳು ಬರೆದು ಅವಳಿಗೆ ಅಭ್ಯಾಸವಿರಲಿಲ್ಲ. ಕೊನೆಗೆ 'ಎರಡು' ಎಂದು ಅಕ್ಷರದಲ್ಲೇ ಬರೆದಳು. ಹಾಸಿಗೆಯವಳ ಮುಖ ಬಾಡಿತು.

"ಹಾಗಾದ್ರೆ ಕರ್ಕೊಂಡು ಹೋಗ್ತೀರಾ?"

ಮೇಲ್ವಿಚಾರಕಿ ಪುಟದ ಮೇಲ್ಭಾಗದಲ್ಲಿ, ಐದರ ಕೆಳಗೆ ಬಿದ್ದ ಮನೆಗೆ ನಾಯಿಯಿಲ್ಲವೆಂದು ಮುದ್ರಿಸಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ ಷರಾ ಬರೆಯುವ ಜಾಗದಲ್ಲಿ, 'ನಾನು ಫಿನಾಯಿಲು ಹಾಕುವವರೆಗೆ ನಾಯಿ ಎಲ್ಲಿಯೂ ಗುದ್ದಿಕೊಳ್ಳಲಿಲ್ಲ. ಊಟ ಮಾಡಿತು,' ಎಂದು ಬರೆದು ಸಹಿ ಹಾಕಿದಳು. ಆಮೇಲೆ ವೈದ್ಯರಿಗೆ ಫೋನ್ ಮಾಡಿದಳು. "ನಾಳೆ ಹತ್ತು ಗಂಟೆಗೆ ಬೇಡ ಡಾಕ್ಟ್ರೇ. ಗಾಯಕ್ಕೆ ಮುಲಾಮು ಮಾತ್ರ ಕಳಿಸಿ. ವಾಸನೆ ಇಲ್ಲದ್ದು ಇದ್ರೆ ನೋಡಿ."

ಹೊರಡುವಾಗ ಅವಳು ಬಗ್ಗಿ ಕೈ ನೀಡಿದಳು. ಫಿನಾಯಿಲು ಮೆತ್ತಿದ್ದ ಬೆರಳುಗಳನ್ನು ಮೂಸಿ ನಾಯಿ ಮುಖ ಹಿಂದಕ್ಕೆ ಎಳೆದುಕೊಂಡಿತು.

"ತಾಳಿ," ಎಂದು ಹಾಸಿಗೆಯವಳು ಅವಳ ಮಣಿಕಟ್ಟು ಹಿಡಿದು, ಎರಡೂ ಕೈಗಳನ್ನು ಮೊಣಕೈವರೆಗೆ ಹಳೆಯ ಹತ್ತಿಯ ಗುಡ್ಡೆಯಲ್ಲಿ ಹುದುಗಿಸಿದಳು. ಹತ್ತಿ ಜಿಗುಟಾಗಿತ್ತು, ಒಳಗೆಲ್ಲೋ ಬೆಚ್ಚಗಿತ್ತು. ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡು ಸಹಿಸಿದಳು. "ಈಗ ಕೊಡಿ."

ಒದ್ದೆಯಾದ, ಗಾಯದ ಮೂಗು ಅವಳ ಬಲ ಅಂಗೈಯ ಮೇಲೆ ಬಂದು ಕುಳಿತು, ಅಲ್ಲೇ ಸ್ವಲ್ಪ ಹೊತ್ತು ಉಸಿರಾಡಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮುಂದಿನ ನಿಲ್ದಾಣದಲ್ಲಿ ಬಸ್ಸೇರಿ ಪಕ್ಕದಲ್ಲಿ ಕುಳಿತ ಹೆಂಗಸು ಒಮ್ಮೆ ಅವಳ ತೋಳನ್ನು, ಒಮ್ಮೆ ಮುಖವನ್ನು ನೋಡಿ, ಮೂಗು ಹಿಡಿದುಕೊಂಡು ಎದ್ದು ಹಿಂದಿನ ಸಾಲಿಗೆ ಹೋದಳು. ಚೀಲ ತೊಡೆಯ ಮೇಲೆಯೇ ಇತ್ತು, ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಮೇಲ್ವಿಚಾರಕಿ ಬಲ ಅಂಗೈಯನ್ನು ಚೀಲಕ್ಕೂ ಸೀಟಿಗೂ ತಗುಲದಂತೆ ಮೇಲ್ಮುಖವಾಗಿ ಹಿಡಿದುಕೊಂಡು ಕುಳಿತಿದ್ದಳು. ಅದರ ನಡುವೆ ಅಂಟಿದ್ದ ಹತ್ತಿಯ ಕಪ್ಪು ಎಳೆಯೊಂದು ಗಾಳಿಗೆ ಅಲುಗಾಡುತ್ತಿತ್ತು.